ನಿನಗಾಗಿ ಒಂದು ಕುರ್ಚಿ ಕಾದಿದೆ

"ಇನ್ನು ಮುಂದೆ ನಿನ್ನ ಅಂಗಡಿಯ ಒಂದೇ ಒಂದು ಮೇಲ್ ಸ್ಪ್ಯಾಮಿಗೆ ಹೋಗ್ಲಿ, ನನ್ನ ಮೀಸೆ ಬೋಳಿಸ್ಕೋತೀನಿ!" ಎಂದು ಹೆಂಡತಿಯ ಮುಂದೆ ಎದೆ ತಟ್ಟಿ ಘೋಷಿಸಿದೆ.

ಅವಳು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ತೆಗೆದುಕೊಂಡು, "ನಿಮಗೆ ಮೀಸೆ ಎಲ್ಲಿದೆ ರೀ?" ಅಂದಳು.

"ಬೆಳೆಸಿ ಬೋಳಿಸ್ತೀನಿ!"

ಇಂಥ ಘೋರ ಪ್ರತಿಜ್ಞೆಗೆ ಕಾರಣವಿತ್ತು. ನನ್ನ ಹೆಂಡತಿ ಹಳೆಯ ಕುರ್ಚಿಗಳಿಗೆ ಮರುಜನ್ಮ ಕೊಡುವವಳು. ಬೆತ್ತ ಹರಿದದ್ದು, ಸ್ಪಂಜು ಕುಸಿದದ್ದು, ಕಾಲು ಕುಂಟಾದದ್ದು ಎಲ್ಲವೂ ನಮ್ಮ ಮನೆಯ ಮುಂದಿನ ಕೋಣೆಗೆ ನರಳುತ್ತಾ ಬಂದು, ಮದುಮಗನ ಹಾಗೆ ಹೊರಡುತ್ತವೆ. ರಿಪೇರಿ ಮುಗಿದ ಕೂಡಲೇ "ನಿಮ್ಮ ಕುರ್ಚಿ ಸಿದ್ಧವಾಗಿದೆ, ದಯವಿಟ್ಟು ಬಂದು ತೆಗೆದುಕೊಂಡು ಹೋಗಿ" ಎಂದು ಅವಳು ಒಡೆಯರಿಗೆ ಮೇಲ್ ಹಾಕುತ್ತಾಳೆ. ಕೆಲವು ತಿಂಗಳಿಂದ ಆ ಮೇಲ್‌ಗಳು ಇನ್‌ಬಾಕ್ಸಿನ ಹೊಸಿಲು ದಾಟದೆ ಸ್ಪ್ಯಾಮಿನ ಕಸದ ಗುಂಡಿಗೆ ಬೀಳತೊಡಗಿದವು. ಅತ್ತ ಬೊಕ್ಕತಲೆಗೆ ಎಣ್ಣೆ ಮಾರುವವನು, ಇತ್ತ ಲಾಟರಿ ಹೊಡೆದಿದೆ ಎಂದು ನಂಬಿಸುವವನು, ನಡುವೆ ನನ್ನ ಹೆಂಡತಿಯ ಮರ್ಯಾದಸ್ಥ ಪತ್ರ!

ಪತ್ರ ಸಿಗದ ಮೇಲೆ ಒಡೆಯರು ಬರುವುದೆಲ್ಲಿಂದ? ಕುರ್ಚಿಗಳು ಮುಂದಿನ ಕೋಣೆ ತುಂಬಿ ನಡುಮನೆಗೆ ಬಂದವು, ನಡುಮನೆ ತುಂಬಿ ಮಲಗುವ ಕೋಣೆಗೆ ನುಗ್ಗಿದವು. ಮನೆ ತುಂಬ ಕುರ್ಚಿ, ಕೂರಲು ಜಾಗವಿಲ್ಲ!

"ಅಲ್ಲಿ ಕೂರಬೇಡಿ, ಅದು ಹಲ್ಲಿನ ಡಾಕ್ಟರದು!"

"ಇಲ್ಲಿ?"

"ಅಯ್ಯೋ, ಅದು ಹೆಡ್‌ಮೇಡಂದು! ಈಗಷ್ಟೇ ಪಾಲಿಶ್ ಮಾಡಿದ್ದೀನಿ!"

ಜನ ಒಂದು ಕುರ್ಚಿಗಾಗಿ ಪಕ್ಷ ಬಿಡುತ್ತಾರೆ, ನೆಂಟಸ್ತಿಕೆ ಮುರಿಯುತ್ತಾರೆ. ನಾನು ಅಷ್ಟೊಂದು ಕುರ್ಚಿಗಳ ನಡುವೆ ತಟ್ಟೆ ಹಿಡಿದು ನಿಂತು ಉಣ್ಣುತ್ತಿದ್ದೆ.

ಫೋನ್ ಮಾಡಬಾರದಿತ್ತೇ ಎನ್ನುತ್ತೀರಿ. ನನ್ನ ಹೆಂಡತಿ ಮುರಿದ ಕುರ್ಚಿಯೊಂದಿಗೆ ಇಡೀ ಮಧ್ಯಾಹ್ನ ಮಾತಾಡಬಲ್ಲಳು. ಅದೇ ಮನುಷ್ಯರಿಗೆ ಫೋನ್ ಮಾಡು ಎಂದರೆ ಅಂಗೈ ಬೆವರುತ್ತದೆ, ಹಲೋ ಎನ್ನುವಷ್ಟರಲ್ಲಿ ಕೆಮ್ಮು ಬರುತ್ತದೆ. ಅವಳ ದನಿಯೆಲ್ಲ ಆ ಮೇಲ್‌ಗಳಲ್ಲೇ ಇತ್ತು. ಅವೂ ಹೀಗೆ ಮೂಕವಾದ ಮೇಲೆ ಒಂದು ದಿನ ಬೀದಿಯಲ್ಲಿ ಯಾರೋ, "ಆ ಹೆಂಗಸು ಕುರ್ಚಿ ಇಸ್ಕೊಳ್ಳೋದಷ್ಟೇ, ಆಮೇಲೆ ಸುದ್ದಿಯೇ ಇಲ್ಲ" ಅಂದದ್ದು ಅವಳ ಕಿವಿಗೆ ಬಿತ್ತು.

ಅವಳು ಮನೆಗೆ ಬಂದು ಅರ್ಧ ಹೆಣೆದ ಬೆತ್ತದ ಮುಂದೆ ಕೂತು, ನನ್ನ ಕಡೆ ತಿರುಗದೆ, "ಮುಚ್ಚಿಬಿಡೋಣ ಅನ್ಸತ್ತೆ ರೀ" ಅಂದಳು. "ಸುಳ್ಳುಗಾತಿ ಅನ್ನಿಸ್ಕೊಂಡು ಈ ಕೆಲ್ಸ ಮಾಡಕ್ಕೆ ನನ್ನ ಕೈಲಾಗಲ್ಲ."

ಆ ಮಾತಿಗೇ ನಾನು ಇಲ್ಲದ ಮೀಸೆಯನ್ನು ಪಣಕ್ಕಿಟ್ಟದ್ದು.

ಅವಳ ಮೇಲ್‌ಗಳನ್ನು ನೋಡಿದೆ. ರೋಗ ತಕ್ಷಣ ಗೊತ್ತಾಯಿತು: ಗತ್ತಿಲ್ಲ, ಗಮ್ಮತ್ತಿಲ್ಲ! ನಾನೇ ತಿದ್ದಿದೆ. "ಅಭಿನಂದನೆಗಳು!!! ನಿಮ್ಮ ಕನಸಿನ ಕುರ್ಚಿ ನಿಮ್ಮದಾಗಿದೆ!!! ತಡಮಾಡದೆ ಈಗಲೇ ಇಲ್ಲಿ ಒತ್ತಿ!!!" ಅಕ್ಷರಗಳಿಗೆ ರಕ್ತಗೆಂಪು ಬಣ್ಣ. ಪಕ್ಕದಲ್ಲಿ ಕಾಲೆತ್ತಿ ಕುಣಿಯುವ ಕುರ್ಚಿಯ ಚಿತ್ರ. ಅಂಗಡಿಯ ವಿಳಾಸದಿಂದ ಹೆಂಡತಿಯ ಸ್ವಂತ ವಿಳಾಸಕ್ಕೆ ಕಳಿಸಿ ಕಳಿಸಿ ಅಂದ ನೋಡಿಕೊಂಡೆ. ಒಂದು ವಾರ ಕುರ್ಚಿಯ ಕುಣಿತವನ್ನು ತಿದ್ದಿ ತೀಡಿ, ಕೊನೆಗೆ ಗಿರಾಕಿಗಳಿಗೆಲ್ಲ ಬಿಟ್ಟೆ.

ಅಲ್ಲಿಯವರೆಗೆ ಅಲ್ಲೊಬ್ಬರು ಇಲ್ಲೊಬ್ಬರಾದರೂ ಬರುತ್ತಿದ್ದರು. ಈಗ ಅವರೂ ನಿಂತರು!

ತಲೆ ತಗ್ಗಿಸಿಕೊಂಡು ನಮ್ಮ ಆಫೀಸಿನ ಸರ್ವರಕ್ಕನ ಬಳಿ ಹೋದೆ. ಕಂಪ್ಯೂಟರುಗಳ ಉಸ್ತುವಾರಿಯೆಲ್ಲ ಅವರದು. ಸರ್ವರ್ ಕೋಣೆಯಲ್ಲೇ ವಾಸ, ಹಾಗಾಗಿ ಆ ಹೆಸರು. ನನ್ನ ಮೇಲ್ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇದೇನಣ್ಣ, ಮೇಲೋ ಹರಾಜು ಕೂಗೋ?"

"ಗಮನ ಸೆಳೀಲಿ ಅಂತ..."

"ಸೆಳೆದಿದೆ ಬಿಡಿ. ಸ್ಪ್ಯಾಮ್ ಹಿಡಿಯೋ ಯಂತ್ರದ ಗಮನ!"

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಮೇಲ್ ನಿಜವಾಗಿಯೂ ನಮ್ಮ ಅಂಗಡಿಯಿಂದಲೇ ಹೊರಟದ್ದು ಎಂದು ಸಾಕ್ಷಿ ಹೇಳುವ ಗುರುತೊಂದು ನಮ್ಮ ವಿಳಾಸಕ್ಕೆ ಇರಬೇಕಂತೆ. ನಮ್ಮದಕ್ಕೆ ಅದೇ ಇರಲಿಲ್ಲ. "ಗುರುತಿನ ಚೀಟಿ ಇಲ್ದೆ ಹೋದ್ರೆ ಗೇಟಲ್ಲಿ ವಾಚ್‌ಮನ್ ಒಳಗೆ ಬಿಡ್ತಾನಾ?" ಎನ್ನುತ್ತಲೇ, ಊಟದ ಬಿಡುವಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಅದನ್ನು ಸರಿಮಾಡಿಕೊಟ್ಟರು.

"ಇನ್ನು ಆ ಕೆಂಪು ಬಣ್ಣ, ಕುಣಿತ ಎಲ್ಲ ತೆಗೀರಿ. ಮನುಷ್ಯರು ಮನುಷ್ಯರಿಗೆ ಬರೆಯೋ ಹಾಗೆ ಬರೀರಿ. ಓದಿದವರು ಉತ್ತರ ಬರೆದ್ರೆ ಯಂತ್ರಕ್ಕೂ ನಿಮ್ಮ ಮೇಲೆ ನಂಬಿಕೆ ಬರತ್ತೆ. ಮೊದ್ಲು ಒಬ್ಬರಿಗೇ ಕಳಿಸಿ ನೋಡಿ."

"ಯಾರಿಗೆ ಕಳಿಸ್ಲಿ?"

"ಮನಸ್ಸು ಬಿಚ್ಚಿ ಬರೆಯಕ್ಕೆ ನಿಮಗೆ ಯಾರೂ ಇಲ್ವಾ?"

ಅಂದು ಸಂಜೆ ಹೆಂಡತಿ ಬೆತ್ತ ತರಲು ಹೋಗಿದ್ದಳು. ಅವಳ ಕಂಪ್ಯೂಟರಿನ ಮುಂದೆ ಕೂತು ಅಂಗಡಿಯ ಮೇಲ್ ತೆರೆದೆ. 'ಇದು ಪರೀಕ್ಷೆ' ಎಂದು ಬರೆದು ಅಳಿಸಿದೆ. ಆಮೇಲೆ ಏನಾಯಿತೋ, ಬೆರಳುಗಳು ತಮ್ಮ ಪಾಡಿಗೆ ಹೊರಟವು.

"ನೀನು ಬಾಯಲ್ಲಿ ಮೊಳೆ ಇಟ್ಟುಕೊಂಡು ಹೇಳುವ ಮಾತು ನನಗೆ ಅರ್ಧವೂ ಅರ್ಥವಾಗುವುದಿಲ್ಲ. ಆದರೂ ಹೂಂ ಅನ್ನುತ್ತೇನೆ, ನೀನು ಮಾತು ನಿಲ್ಲಿಸಬಾರದು ಅಂತ. ನಿನ್ನ ಬೆನ್ನುನೋವು ಹೇಗಿದೆ ಎಂದು ಕೇಳಬೇಕೆಂದುಕೊಂಡು ದಿನವೂ ಮರೆಯುತ್ತೇನೆ. ಸುಸ್ತಾಗಿದ್ದೀಯ, ನನಗೆ ಗೊತ್ತು. ನಾವು ಎದುರುಬದುರು ಕೂತು ಎಷ್ಟು ಕಾಲವಾಯಿತು! ನಿನಗಾಗಿ ಒಂದು ಕುರ್ಚಿ ಕಾದಿದೆ. ಬೇಗ ಬಾ."

ಓದಿಕೊಂಡೆ. ನನ್ನ ಕಿವಿಯೇ ಬಿಸಿಯಾಯಿತು. ನಾಚಿಕೆಗೆ ಕಣ್ಣು ಅರ್ಧ ಮುಚ್ಚಿಕೊಂಡು ವಿಳಾಸದ ಜಾಗದಲ್ಲಿ 'ಒಡ' ಎಂದು ಒತ್ತಿದೆ. ಹೆಂಡತಿಯ ಸ್ವಂತ ವಿಳಾಸವನ್ನು ನಾನು 'ಒಡತಿ' ಎಂದು ಉಳಿಸಿದ್ದೆ. ಗಿರಾಕಿಗಳ ಪಟ್ಟಿಯನ್ನು ಅವಳು 'ಒಡೆಯರು' ಎಂದು ಉಳಿಸಿದ್ದಳು. ಕಳಿಸಿದ ಮೇಲ್ ಹೇಗೆ ಕಾಣುತ್ತದೆ ಎಂದು ನೋಡಲು ಅದರಲ್ಲಿ ತನ್ನ ವಿಳಾಸವನ್ನೂ ಸೇರಿಸಿಕೊಂಡಿದ್ದಳು. ಕಂಪ್ಯೂಟರು ಎರಡನ್ನೂ ಮುಂದೆ ಹಿಡಿಯಿತು. ನಾನು ಮೇಲಿನದನ್ನು ಒತ್ತಿದೆ. ಒಡತಿ ಕೆಳಗಿದ್ದಳು!

ಸರ್ವರಿನಿಂದ ಹೊರಟ ಪತ್ರ ಸರ್ವರಿಗೂ ಹೋಯಿತು!

ಇದು ನನಗೆ ತಿಳಿದದ್ದು ಫೋನ್ ಬಂದಾಗ. ಹಲ್ಲಿನ ಡಾಕ್ಟರ ಹೆಂಡತಿ. ದನಿಯಲ್ಲಿ ಡ್ರಿಲ್ಲಿಂಗ್ ಮಿಷನ್ ಓಡುತ್ತಿತ್ತು.

"ಕುರ್ಚಿ ಅಂಗಡಿಯವಳನ್ನ ಕರೀರಿ! ನಮ್ಮ ಮನೆಯವರಿಗೆ ಬೇಗ ಬಾ ಅಂತ ಬರೀತಾಳಾ ಅವಳು?"

"ಬರೆದದ್ದು ಅವಳಲ್ಲ ಮೇಡಂ, ನಾನು."

ಡ್ರಿಲ್ಲು ನಿಂತಿತು.

"ನೀವಾ? ನಮ್ಮ ಯಜಮಾನರಿಗಾ?"

"ಅಲ್ಲ ಮೇಡಂ, ನನ್ನ ಹೆಂಡತಿಗೆ! ಬಾಯಲ್ಲಿ ಮೊಳೆ ಅಂತ ಇಲ್ವಾ..."

"ಅದನ್ನೇ ನಾನೂ ಯೋಚಿಸ್ತಿದ್ದೆ. ನಮ್ಮವರು ತಮ್ಮ ಬಾಯಲ್ಲಿ ಇಟ್ಕೊಳ್ಳಲ್ಲ, ಬೇರೆಯವರ ಬಾಯಲ್ಲಿ ಇಡ್ತಾರೆ." ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದರು: "ದಿನಾ ಹೀಗೇ ಬರೀತೀರಾ ನೀವು?"

"ಇಲ್ಲ ಮೇಡಂ, ಇದೇ ಮೊದ್ಲು."

"ಹೂಂ. ನಮ್ಮವರಿಗೂ ಸ್ವಲ್ಪ ಹೇಳ್ಕೊಡಿ. ಕುರ್ಚಿಗೆ ನಾಳೆ ಬರ್ತೀವಿ."

ಮಾರನೆಯ ದಿನ ರಜೆ. ಬೆಳಿಗ್ಗೆಯಿಂದಲೇ ಬಾಗಿಲು ಬಡಿಯುವ ಸದ್ದು. ಕಳೆದುಹೋದರೆಂದುಕೊಂಡಿದ್ದ ಒಡೆಯರೆಲ್ಲ ಒಬ್ಬೊಬ್ಬರಾಗಿ ಬಂದರು. ಯಾರೂ ಬಯ್ಯಲಿಲ್ಲ. ಎಲ್ಲರೂ ಹೆಂಡತಿಯನ್ನು ನೋಡಿ ಮುಗುಳ್ನಗುತ್ತಿದ್ದರು, ನನ್ನನ್ನು ನೋಡಿ ಕೆಮ್ಮುತ್ತಿದ್ದರು.

"ಏನು ಬರೆದ್ರಿ ರೀ ಇವರಿಗೆಲ್ಲ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಏನಿಲ್ಲ, ಕುರ್ಚಿ ಕಾದಿದೆ ಅಂತ." ಅದರಲ್ಲಿ ಸುಳ್ಳೇನಿತ್ತು?

ಕೊನೆಗೆ ಬಂದವರು ಹೆಡ್‌ಮೇಡಂ. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಅವರನ್ನು ಕಂಡರೆ ಬೀದಿಯ ಗಂಡಸರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಅವರು ತಮ್ಮ ಕುರ್ಚಿಯನ್ನು ನೋಡಲೇ ಇಲ್ಲ. ಹೆಂಡತಿಯ ಎರಡೂ ಕೈ ಹಿಡಿದುಕೊಂಡರು.

"ನನ್ನನ್ನ ಎಲ್ಲರೂ ನೀವು, ತಾವು ಅಂತಾರಮ್ಮ. ನೀನು ಅನ್ನೋರು ಒಬ್ಬರೂ ಉಳಿದಿರಲಿಲ್ಲ. ನಿನ್ನೆ ಓದಿ ಸುಮ್ನೆ ಕೂತುಬಿಟ್ಟೆ. ಬೆನ್ನುನೋವು ಬೇರೆ ಕೇಳಿದ್ಯಲ್ಲ... ಈಗ ವಾಸಿ ಕಣಮ್ಮ."

ಇದು ನಿಮಗೆ ಬರೆದದ್ದಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಹೆಂಡತಿಗೆ ಏನೊಂದೂ ಅರ್ಥವಾಗಿರಲಿಲ್ಲ. ಆದರೂ ಅವಳು ಆ ಕೈಗಳನ್ನು ಬಿಡದೆ, ಒಂದು ಚೂರೂ ಕೆಮ್ಮದೆ, "ಕೂತ್ಕೊಳ್ಳಿ, ಟೀ ಕುಡಿದೇ ಹೋಗ್ಬೇಕು" ಅಂದಳು. ಅಂಗಡಿ ಮುಚ್ಚುವ ಮಾತು ಅಲ್ಲಿಗೇ ಮುಗಿಯಿತು ಎಂದು ನನಗೆ ಆಗಲೇ ಗೊತ್ತಾಯಿತು.

ಅವರನ್ನು ಬೀಳ್ಕೊಟ್ಟು ಬಾಗಿಲು ಹಾಕಿದವಳೇ ನನ್ನ ಕಡೆ ತಿರುಗಿದಳು.

"ಹೇಳಿ. ಏನು ಬರೆದಿದ್ರಿ?"

"ಅದು... ನಿಜವಾಗಿ... ನಿನಗೇ ಬರೆದದ್ದು."

"ನನಗಾ? ಊರೆಲ್ಲ ಓದಿದೆ, ನನಗೇ ಬಂದಿಲ್ವಲ್ಲ ರೀ!"

ಕಂಪ್ಯೂಟರಿನ ಮುಂದೆ ಇಬ್ಬರೂ ಬಗ್ಗಿದೆವು. ಅವಳ ಇನ್‌ಬಾಕ್ಸಿನಲ್ಲಿ ಇರಲಿಲ್ಲ. ಸ್ಪ್ಯಾಮ್ ತೆರೆದಳು. ಇತ್ತು! ಎಲ್ಲರ ಇನ್‌ಬಾಕ್ಸಿಗೂ ಗೌರವದಿಂದ ಪ್ರವೇಶ ಪಡೆದ ನನ್ನ ಪ್ರೇಮಪತ್ರ, ಹೆಂಡತಿಯ ಮನೆಯಲ್ಲಿ ಮಾತ್ರ ಬೊಕ್ಕತಲೆಯ ಎಣ್ಣೆಯ ಕೆಳಗೆ ಬಿದ್ದಿತ್ತು.

"ಇಲ್ಲಿಗೆ ಹೇಗೆ ಬಂತು?" ಎಂದೆ ಕುಗ್ಗಿದ ದನಿಯಲ್ಲಿ.

ಅವಳು ಉಗುರು ಕಚ್ಚಿದಳು. "ಆ ಕುಣಿಯೋ ಕುರ್ಚಿ ಕಳಿಸ್ತಾನೇ ಇದ್ರಲ್ಲ, ಅದನ್ನೆಲ್ಲ ಸ್ಪ್ಯಾಮ್ ಅಂತ ಒತ್ತಿಬಿಟ್ಟಿದ್ದೆ."

"ಎಲ್ಲವನ್ನೂ?"

"ಒಂದನ್ನೂ ಬಿಡದೆ."

ಆಮೇಲೆ ಅವಳು ಪತ್ರ ತೆರೆದು ಓದಿದಳು. ನಾನು ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಗೋಡೆ ನೋಡುತ್ತಾ ನಿಂತೆ. ಕೊನೆಯ ಸಾಲಿಗೆ ಬಂದವಳು ಮತ್ತೆ ಮೊದಲಿಗೆ ಹೋದಳು. ಸೆರಗಿನ ತುದಿ ಕಣ್ಣಿಗೆ ಹೋಯಿತು. ಇನ್ನೊಂದು ಕೈ ಹುಡುಕಿಕೊಂಡು ಬಂದು ನನ್ನ ಕೈಯನ್ನು ಹಿಡಿಯಿತು.

"ಬೆನ್ನು ಇನ್ನೂ ನೋಯತ್ತೆ ರೀ" ಅಂದಳು ಮೆಲ್ಲಗೆ.

ನಾನು ಹೂಂ ಅಂದೆ. ಅವಳು 'ಇದು ಸ್ಪ್ಯಾಮ್ ಅಲ್ಲ' ಎಂಬುದನ್ನು ಒತ್ತಿದಳು. ತಕ್ಷಣ ಪರದೆಯ ಮೇಲೆ ಒಂದು ಪ್ರಶ್ನೆ ಎದ್ದು ನಿಂತಿತು: 'ಇನ್ನು ಮುಂದೆ ಇದನ್ನು ಕಳುಹಿಸಿದವರನ್ನು ನಂಬುತ್ತೀರಾ?' ಕೆಳಗೆ ಮೂರು ಉತ್ತರಗಳು: ಹೌದು, ಇಲ್ಲ, ಆಮೇಲೆ ಕೇಳಿ.

ಅವಳು ನನ್ನ ಮುಖ ನೋಡಿದಳು. ನಾನು ಆದಷ್ಟು ನಂಬಿಕಸ್ಥನ ಹಾಗೆ ಕಾಣಲು ಯತ್ನಿಸಿದೆ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಬಿಡದೆಯೇ, ಒದ್ದೆ ಕಣ್ಣಲ್ಲೇ ನಗುತ್ತಾ, ಮೂರನೆಯದನ್ನು ಒತ್ತಿದಳು!