ಬೊಳ್ಳಿಗೆ ಕಲಿಸಿದ ಸೋಮವಾರದ ಪಾಠ

ಯಾವ ಪ್ರಾಣಿಯನ್ನೂ ಶಿಸ್ತಿನಿಂದ ತಿದ್ದಬಹುದು ಎಂದು ನಂಬಿದವನು ನಾನು. ಕಾಪುವಿನ ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದಾಗ ನನ್ನ ಸೀಟಿಗೆ ಮಕ್ಕಳಷ್ಟೇ ಅಲ್ಲ, ಜಗಲಿಯಲ್ಲಿ ಮಲಗಿದ ನಾಯಿಯೂ ಎದ್ದು ನಿಲ್ಲುತ್ತಿತ್ತು. ಈಗ ಅಲೆವೂರಿನ ಮನೆಯಲ್ಲಿ ಆ ನಂಬಿಕೆಗೆ ಸವಾಲು ಹಾಕಿದ್ದು ನಮ್ಮ ಬೆಕ್ಕು ಬೊಳ್ಳಿ. ಬೆಳಿಗ್ಗೆ ಉಚ್ಚಿಲದಿಂದ ಮೀನು ತರುವ ಸದಾಶಿವನ ಸ್ಕೂಟರಿನ ಹಾರ್ನ್ ಆದೊಡನೆ ಅದು ರಸ್ತೆಗೆ ಓಡುತ್ತದೆ. ಮೊನ್ನೆ ಬಸ್ಸಿನ ಚಕ್ರಕ್ಕೆ ಸಿಗುವುದರಲ್ಲಿತ್ತು. ಹೀಗೇ ಬಿಟ್ಟರೆ ಬೆಕ್ಕು ಉಳಿಯುವುದಿಲ್ಲ. ಓಟವನ್ನು ಬಿಡಿಸಿಯೇ ಸಿದ್ಧ ಎಂದು ತೀರ್ಮಾನಿಸಿದೆ.

ನಮ್ಮಲ್ಲೇ ಇದ್ದು ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ತಂಗಿಯ ಮಗಳು ಶ್ವೇತಾ ನಕ್ಕಳು. ನೊಣದ ಮಿದುಳಿನಲ್ಲಿ ಯಾವ ನರ ಯಾವುದಕ್ಕೆ ಸೇರುತ್ತದೆ ಎಂಬ ನಕ್ಷೆಯನ್ನು ಓದುವುದು ಅವಳ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆಂದರೆ ನನಗೆ ಮೊದಲು ನಂಬಿಕೆಯೇ ಬಂದಿರಲಿಲ್ಲ.

"ಮಾವ, ನೀವು ಪೇಪರ್ ಮಡಚಿ ಬೀಸುವಾಗ ನೊಣ ಯಾಕೆ ತಪ್ಪಿಸಿಕೊಳ್ಳುತ್ತದೆ? ಅದರ ಕಣ್ಣಿನಿಂದ ಕಾಲಿಗೆ ಹೆಚ್ಚುಕಡಿಮೆ ನೇರ ದಾರಿ ಉಂಟು. ಯೋಚನೆ ಮಾಡುವ ಮೊದಲೇ ಹಾರಿ ಆಗಿರುತ್ತದೆ."

"ಹಾಗಾದರೆ ಬೊಳ್ಳಿಗೆ ಕಿವಿಯಿಂದ ಕಾಲಿಗೆ."

"ಬೆಕ್ಕಿನ ನಕ್ಷೆ ಪೂರ್ತಿ ಇನ್ನೂ ಯಾರ ಹತ್ತಿರವೂ ಇಲ್ಲ. ಇದ್ದರೂ ಅದು ಸಂತೆಕಟ್ಟೆಯ ರಸ್ತೆಗಳ ನಕ್ಷೆಯ ಹಾಗೆ. ಎಲ್ಲಿಂದ ಎಲ್ಲಿಗೆ ಹೋಗಬಹುದು ಅಂತ ಗೊತ್ತಾಗುತ್ತದೆ, ಯಾವ ಬಸ್ಸು ಯಾವಾಗ ಬರುತ್ತದೆ ಅಂತ ಅಲ್ಲ. ಅದು ಎಂತ ಕೇಳಿ ಓಡುತ್ತದೆ, ಮೊದಲು ಸರಿಯಾಗಿ ನೋಡಿ."

ನೋಡುವುದೇನು, ಹಾರ್ನ್ ಅಲ್ಲದೆ ಮತ್ತೇನು? ಸೋಮವಾರವನ್ನು ಆರಿಸಿಕೊಂಡೆ. ಅಂದು ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಸದಾಶಿವ ಹಾರ್ನ್ ಹೊಡೆದು ಮುಂದಿನ ಮನೆಗಳಿಗೆ ಹೋಗುತ್ತಾನೆ. ಹಾರ್ನ್ ಆದರೂ ಮೀನು ಬರುವುದಿಲ್ಲವೆಂದು ಬೆಕ್ಕಿಗೆ ಮನದಟ್ಟಾಗಬೇಕು. ಕೊರಳಿಗೆ ಹಳೆಯ ಸೀಟಿ ಹಾಕಿಕೊಂಡು ಜಗಲಿಯಲ್ಲಿ ಕುಳಿತೆ. ಬೊಳ್ಳಿ ಪಕ್ಕದಲ್ಲೇ ಮಲಗಿತ್ತು, ಶ್ವೇತಾ ಹಿಂದೆ ನಿಂತಿದ್ದಳು.

ಹಾರ್ನ್ ಆಯಿತು. ಬೊಳ್ಳಿ ಒಂದು ಕಣ್ಣು ತೆರೆಯಿತು, ಏಳಲಿಲ್ಲ. ಸೀಟಿ ಊದುವ ಅಗತ್ಯವೂ ಬೀಳಲಿಲ್ಲ. ಗೆದ್ದೆ ಎಂದು ಶ್ವೇತಾಳಿಗೆ ಹೇಳಲು ತಿರುಗಿದರೆ ಅವಳು ದೂರದಲ್ಲಿ, ಜಗಲಿಯಲ್ಲೇ ಇದ್ದಳು. ಯಾವಾಗ ಎದ್ದು ಬಂದೆನೋ, ನಾನು ಗೇಟು ತೆರೆದು ನಿಂತಿದ್ದೆ, ಕೈಯಲ್ಲಿ ಮೀನಿನ ಪಾತ್ರೆ. ನನ್ನ ಕಾಲುಗಳ ನಡುವಿನಿಂದ ಬೊಳ್ಳಿ ರಸ್ತೆಗೆ ಓಡಿತು.

ಸದಾಶಿವ ಅದನ್ನು ಎತ್ತಿ ನನ್ನ ಪಾತ್ರೆಯಲ್ಲೇ ಕೂರಿಸಿದ. "ಎಂತ ಮಾಸ್ಟ್ರೆ, ಇವತ್ತು ಸೋಮವಾರ ಅಲ್ವಾ? ಬೆಕ್ಕಿಗಾದರೂ ಗೊತ್ತುಂಟು. ದಿನಾ ನೋಡುತ್ತೇನಲ್ಲ, ನೀವು ಎದ್ದು ಬಾರದೆ ಅದು ಬರುವುದಿಲ್ಲ."

ಈಗ ಹಾರ್ನ್ ಕೇಳುವ ಹೊತ್ತಿಗೆ ಶ್ವೇತಾ ಗೇಟಿಗೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತಾಳೆ. ಮೀನನ್ನೂ ಗೇಟಿನ ಮೇಲಿಂದ ಅವಳೇ ಕೊಳ್ಳುತ್ತಾಳೆ. ಬೊಳ್ಳಿ ಜಗಲಿಯಲ್ಲಿ ನೆಮ್ಮದಿಯಾಗಿ ಮಲಗಿರುತ್ತದೆ. ಗೇಟಿನ ತನಕ ಹೋಗಿ ಹಿಂತಿರುಗುವವನು ನಾನೊಬ್ಬನೇ.