ನಡುಮನೆಯ ಸಮುದ್ರ ಮತ್ತು ನನ್ನ ಅನುಮಾನ

ನನಗೆ ದೇವರ ಮೇಲೆ ಪೂರ್ತಿ ನಂಬಿಕೆ. ದೇವರನ್ನು ಬಿಟ್ಟರೆ ಬೇರೆ ಯಾರ ಮೇಲೂ ಅಷ್ಟಾಗಿ ಇಲ್ಲ. ಇದು ಗುಣವೋ ದೋಷವೋ ಗೊತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸಿ ನೋಡುತ್ತೇನೆ. ತರಕಾರಿಯವನು ತೂಗುವಾಗ ಟೊಮ್ಯಾಟೊ ನೋಡುವುದಿಲ್ಲ, ಅವನ ಹೆಬ್ಬೆರಳು ನೋಡುತ್ತೇನೆ. ದೇವಸ್ಥಾನಕ್ಕೆ ಹೋದರೆ ಒಂದು ಚಪ್ಪಲಿಯನ್ನು ಬಾಗಿಲ ಹತ್ತಿರ, ಇನ್ನೊಂದನ್ನು ಹಣ್ಣುಕಾಯಿ ಅಂಗಡಿಯ ಪಕ್ಕ ಬಿಡುತ್ತೇನೆ, ಕದಿಯುವವನಿಗೆ ಜೋಡಿ ಸಿಗದಿರಲಿ ಎಂದು. ಒಳಗೆ ಕಣ್ಣು ಮುಚ್ಚಿ ಕೈಮುಗಿದು ನಿಂತಾಗಲೂ ಅರ್ಧ ಮನಸ್ಸು ಆ ಎರಡು ಚಪ್ಪಲಿಗಳ ನಡುವೆ ಓಡಾಡುತ್ತಿರುತ್ತದೆ. ಇದುವರೆಗೆ ಯಾರೂ ಕದ್ದಿಲ್ಲ. ಒಮ್ಮೆ ಮಾತ್ರ ಎಡಗಾಲಿನದನ್ನು ಎಲ್ಲಿ ಬಿಟ್ಟೆನೆಂದು ನಾನೇ ಮರೆತು ಒಂಟಿ ಚಪ್ಪಲಿಯಲ್ಲಿ ಆಟೋ ಹತ್ತಿದೆ. ಅವತ್ತು ಪುಣ್ಯಕ್ಕೆ ಮೋಡ ಮುಚ್ಚಿತ್ತು, ನೆಲ ಸುಡಲಿಲ್ಲ. ಆ ಮಟ್ಟಿಗೆ ದೇವರು ದೊಡ್ಡವನು.

ಇಂಥವಳ ನಡುಮನೆಗೆ ಸಮುದ್ರ ಬಂತು. ನಮ್ಮ ಯಜಮಾನರು ಚಿತ್ರದುರ್ಗದಲ್ಲಿ, ಹೊಳಲ್ಕೆರೆ ರಸ್ತೆಯಲ್ಲಿ, ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾರೆ. ಹಿರಿಯೂರು, ಹೊಸದುರ್ಗದ ಕಡೆಯಿಂದ ಸುಟ್ಟ ಮೋಟಾರುಗಳು ಬರುತ್ತವೆ, ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಹೋಗುತ್ತವೆ. ಜೀವಮಾನವಿಡೀ ನೆಲದೊಳಗಿನ ನೀರಿನ ಚಿಂತೆ ಮಾಡಿದ ಮನುಷ್ಯ. ಅಂಥವರು ಒಮ್ಮೆ ಸಾಮಾನು ತರಲು ಬೆಂಗಳೂರಿಗೆ ಹೋಗಿ, ಯಾವುದೋ ಹೋಟೆಲಿನಲ್ಲಿ ಗಾಜಿನ ತೊಟ್ಟಿಯೊಳಗೆ ಕಡಲ ಮೀನುಗಳನ್ನು ನೋಡಿ, ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೆ ನಿಂತರಂತೆ. ಬಂದವರು ನನ್ನ ದಿವಾನವನ್ನು ಹಿತ್ತಲ ಕೋಣೆಗೆ ಸಾಗಿಸಿ, ಅದಿದ್ದ ಜಾಗದಲ್ಲಿ ಆರಡಿ ಉದ್ದದ ತೊಟ್ಟಿ ಕೂರಿಸಿದರು. ಮಧ್ಯಾಹ್ನ ಊಟವಾದ ಮೇಲೆ ನಾನು ಆ ದಿವಾನದ ಮೇಲೆ ಐದು ನಿಮಿಷ ಅಡ್ಡಾಗುತ್ತಿದ್ದೆ. ಸಂಸಾರದಲ್ಲಿ ನನಗೆಂದು ಇದ್ದದ್ದು ಆ ಐದು ನಿಮಿಷ ಮತ್ತು ಆ ದಿವಾನ.

ಅನುಮಾನ ಮೊದಲ ದಿನದಿಂದಲೇ ಶುರುವಾಯಿತು. ಒಂದು ಮೂಟೆ ಉಪ್ಪು ಬಂತು. ಅಡುಗೆ ಉಪ್ಪು ಆಗುವುದಿಲ್ಲವಂತೆ, ಇದು ಸಮುದ್ರದ ಉಪ್ಪಂತೆ. ಹಾಗಾದರೆ ನಾವು ಇಷ್ಟು ದಿನ ತಿಂದದ್ದು ಯಾವ ಬೆಟ್ಟದ ಉಪ್ಪು ಎಂದು ಕೇಳಿದೆ. ಆಮೇಲೆ ಕಲ್ಲು ಬಂತು. ಎದ್ದು ಕಿಟಕಿ ತೆಗೆದರೆ ಕಣ್ಣಿಗೆ ಕಲ್ಲೇ ಬೀಳುವ ಊರು ನಮ್ಮದು. ಏಳು ಸುತ್ತು ಕೋಟೆ ಕಟ್ಟಿ ಮಿಕ್ಕ ಕಲ್ಲು ಇನ್ನೂ ಗುಡ್ಡದ ತುಂಬ ಬಿದ್ದಿದೆ. ಇವರು ಬೆಂಗಳೂರಿನಿಂದ ಕಲ್ಲನ್ನು ದುಡ್ಡು ಕೊಟ್ಟು, ಒದ್ದೆ ಬಟ್ಟೆ ಸುತ್ತಿ, ಬಾಣಂತಿಯನ್ನು ಕರೆತರುವ ಹಾಗೆ ಕಾರಿನಲ್ಲಿ ತಂದರು. ಮೀನು ಎಲ್ಲಿ ಎಂದರೆ ನೀರು ಹದವಾಗಬೇಕು, ಒಂದು ತಿಂಗಳು ಕಾಯಬೇಕು ಎಂದರು. ಒಂದು ತಿಂಗಳು ಇಬ್ಬರೂ ಕಲ್ಲು ನೋಡುತ್ತ ಕೂತೆವು. ಬಂದ ನೆಂಟರು ಏನೂ ಕೇಳದೆ ಕಾಫಿ ಕುಡಿದು ಬೇಗ ಎದ್ದರು.

ಆಮೇಲೆ ಹವಳ ಬಂತು. ನಾನು ಅಮ್ಮನ ಕೊರಳಿನ ಹವಳದ ಸರ ನೆನೆದು ಆಸೆಯಿಂದ ಹತ್ತಿರ ಹೋದರೆ, ಕೆಲವು ಅಣಬೆಯಂತೆ, ಕೆಲವು ಹೂಕೋಸಿನಂತೆ ಇದ್ದವು. ಇವೆಲ್ಲ ಜೀವ ಇರುವಂಥವು, ಸಾಕಿ ಬೆಳೆಸಿದ್ದು, ಕಾಗದಪತ್ರ ಇದೆ ಎಂದರು. ನಾನು ಕಾಗದವನ್ನೂ ತೆಗೆಸಿ ನೋಡಿದೆ. ಕೊನೆಗೆ ಮೀನು ಬಂದವು. ಕಿತ್ತಳೆ ಬಣ್ಣದ ಮೈಗೆ ಮೂರು ಬಿಳಿ ಪಟ್ಟೆ, ವಿಭೂತಿ ಎಳೆದುಕೊಂಡ ಹಾಗೆ. ಅವುಗಳ ಜೊತೆಗೆ ಎರಡು ಕೆಂಪು ಸೀಗಡಿ, ಬೆನ್ನ ಮೇಲೆ ಉದ್ದಕ್ಕೆ ಬಿಳಿ ನಾಮ. ನೆಲ ಗುಡಿಸಲು ನಾಲ್ಕು ಬಸವನಹುಳು. ಹರಿ, ಹರ, ಬಸವ ಎಲ್ಲರೂ ಒಂದೇ ನೀರಿನಲ್ಲಿ ಇದ್ದದ್ದನ್ನು ಕಂಡು ನನ್ನ ಮನಸ್ಸು ಸ್ವಲ್ಪ ಮೆತ್ತಗಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ನಮ್ಮ ಬಯಲುಸೀಮೆಯ ಗಾಳಿಗೆ ತೊಟ್ಟಿಯಿಂದ ದಿನಕ್ಕೆ ಅರ್ಧ ಬಕೆಟ್ ನೀರು ಆರಿಹೋಗುತ್ತಿತ್ತು. ಗಾಜಿಗೆ ಗೆರೆ ಎಳೆದು, ಸೋರುತ್ತಿದೆಯೇ ಎಂದು ಒಂದು ವಾರ ಪತ್ತೇದಾರಿ ಮಾಡಿದೆ. ಯಜಮಾನರು ಅಂಗಡಿಗೆ ಹೋದ ಮೇಲೆ ಫಿಲ್ಟರ್ ನೀರು ತುಂಬುವುದು, ಚಿಟಿಕೆ ಮೇವು ಹಾಕುವುದು ನನ್ನ ಕೆಲಸವಾಯಿತು. ಒಂದು ದಿನ ನಾಮದ ಸೀಗಡಿಯೊಂದು ಮಗುಚಿ ಬಿದ್ದಿತ್ತು. ಅಂಗಡಿಗೆ ಫೋನ್ ಮಾಡಿ ಅತ್ತೇಬಿಟ್ಟೆ. "ಅದು ಚಿಪ್ಪು ಬಿಟ್ಟೈತೆ ಕಣೇ, ಕಲ್ಲಿನ ಸಂದೀಲಿ ನೋಡು" ಎಂದರು. ನೋಡಿದರೆ ಹೊಸ ಮೈ ತೊಟ್ಟು ಒಳಗೆ ಕೂತಿದೆ. ನಾನು ಆಗಲೇ ತಲೆಗೆ ಸ್ನಾನ ಮಾಡಬೇಕೇ ಎಂದು ಯೋಚಿಸಿದ್ದೆ. ಆ ದಿನದಿಂದ ಅದಕ್ಕೂ ನನಗೂ ಒಂದು ಮಾತಿಲ್ಲದ ಸ್ನೇಹ. ಕೈ ಹತ್ತಿರ ಹಿಡಿದರೆ ಗಾಜಿನ ಆ ಕಡೆಯಿಂದ ಮೀಸೆ ಆಡಿಸುತ್ತಿತ್ತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಬಸವನಹುಳುಗಳಲ್ಲಿ ಎರಡು ಅಲುಗಾಡದೆ ಬಿದ್ದವು. ಹೂಕೋಸಿನಂಥ ಹವಳ ಮುದುಡಿತು. ಇನ್ನೊಂದು ಸೀಗಡಿ ಮಗುಚಿತು. ಚಿಪ್ಪಿರಬೇಕೆಂದು ಮೂರು ದಿನ ಕಾದೆ. ಚಿಪ್ಪಾಗಿರಲಿಲ್ಲ.

ಇಷ್ಟಾದ ಮೇಲೆ ನನ್ನನ್ನು ತಡೆಯುವವರಿಲ್ಲ. ಮೊದಲು ಪಕ್ಕದ ಮನೆ ಗಿರಿಜಕ್ಕನ ಮೇಲೆ ಅನುಮಾನ. "ಏಟ್ ಚೆಂದ ಐತವ್ವ" ಎಂದು ಆಕೆ ಮೂರು ಸಲ ಅಂದಿದ್ದರು, ಒಂದು ಸಲ ಅಂದರೆ ಸಾಲದೇ? ತೊಟ್ಟಿಯ ಕಾಲಿಗೆ ಕಪ್ಪು ದಾರ ಕಟ್ಟಿದೆ. ಮರುದಿನ ಇನ್ನೊಂದು ಹವಳ ಬಾಡಿತು. ಆಮೇಲೆ ನನ್ನ ಕಣ್ಣು ತಿಪ್ಪಮ್ಮನ ಮೇಲೆ ಬಿತ್ತು. ಹನ್ನೊಂದು ವರ್ಷದಿಂದ ನಮ್ಮ ಮನೆ ಕೆಲಸಕ್ಕೆ ಬರುವವಳು. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿ, ಅದೇ ಬಟ್ಟೆಯಲ್ಲಿ ಗಾಜು ಒರೆಸುತ್ತಾಳೋ ಏನೋ. ಒಂದು ಬೆಳಿಗ್ಗೆ ಅವಳ ಕೈ ಹಿಡಿದು ಮೂಸಿದೆ.

"ಕೈ ಯಾಕ್ ಮೂಸ್ತೀರಿ ಅಕ್ಕೋರೆ? ನಿಮ್ಮ ಸೀಗಡಿ ಹುರ್ಕಂಡ್ ತಿಂದೀನಿ ಅಂತಲಾ?"

"ಹಾಗಲ್ಲ ತಿಪ್ಪಮ್ಮ, ಫಿನಾಯಿಲ್ ಏನಾದರೂ..."

"ಹನ್ನೊಂದು ವರ್ಷ ನಿಮ್ಮ ಮನೆ ಹಾಲು ಕಾಸೀನಿ, ಅಕ್ಕಿ ಆರಿಸೀನಿ. ಅವಾಗ ಮೂಸ್ಲಿಲ್ಲ. ಹುಳಕ್ಕೋಸ್ಕರ ಮೂಸ್ತೀರಿ. ಒರಸ್ಕಳ್ರಿ ನಿಮ್ಮ ಮನೆ ನೀವೇ." ಪೊರಕೆಯನ್ನು ಮೂಲೆಗೆ ಒರಗಿಸಿ, ಅದು ಜಾರಿ ಬಿದ್ದಾಗ ಮತ್ತೆ ನೆಟ್ಟಗೆ ನಿಲ್ಲಿಸಿ, ಹೊರಟುಹೋದಳು.

ಆ ಭಾನುವಾರ ಯಜಮಾನರು ಸಣ್ಣ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಅದಕ್ಕೆ ಯಾವುದೋ ಔಷಧಿಯ ಹನಿ ಹಾಕಿದರು. ಬಣ್ಣ ತಿರುಗಿತು. ಅವರ ಮುಖದ ಬಣ್ಣವೂ ತಿರುಗಿತು.

"ತಾಮ್ರ ಐತೆ ನೀರಾಗೆ" ಎಂದರು. "ಮೀನು ತಡ್ಕಂತವೆ. ಸೀಗಡಿಗೆ, ಹವಳಕ್ಕೆ ವಿಷ." ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. "ದಿನಾ ತಂತಿ ಸುತ್ತೋ ಕೈ. ಎಷ್ಟು ತೊಳೆದ್ರೂ ಉಗುರಾಗೆ ಇರ್ತೈತೆ. ನನ್ನ ಕೈಯಿಂದಾನೇ ಸತ್ತಾವೆ ಕಣೇ."

ಹಿತ್ತಲಿಗೆ ಹೋಗಿ ಹುಣಸೆಹಣ್ಣು, ಬೂದಿ ಹಾಕಿ ಕೈ ಉಜ್ಜಿದರು. ಬಂದು ಬೆಂಗಳೂರಿನ ಮೀನಿನ ಅಂಗಡಿಯವನಿಗೆ ಫೋನ್ ಮಾಡಿದರು. "ಉಳಿದಿದ್ದಾದ್ರೂ ಬದುಕ್ಲಿ. ಶನಿವಾರ ಬಂದು ತಗಂಡ್ ಹೋಗಪ್ಪ, ಇಂಥ ಕೈ ಇಟ್ಕಂಡು ಇದನ್ನ ಸಾಕಬಾರದು."

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಇಷ್ಟು ಹೊತ್ತು ಊರಿನವರ ಮೇಲಿನ ಅನುಮಾನವನ್ನೆಲ್ಲ ಹೇಳಿದವಳು ಇದೊಂದರ ಬಗ್ಗೆ ಬಾಯಿಬಿಟ್ಟಿರಲಿಲ್ಲ. ಬಸ್ಸು ನದಿ ದಾಟುವಾಗ ಕಿಟಕಿಯಿಂದ ಗಂಗಮ್ಮನಿಗೆ ಒಂದು ಕಾಸು ಎಸೆದು ಕೈಮುಗಿಯುವುದು ನಮ್ಮಲ್ಲಿ ರೂಢಿ. ಸಣ್ಣ ತೊರೆಗೇ ಕಾಸು ಕೊಡುವವರು, ಸಮುದ್ರರಾಜ ತಾನಾಗಿ ಮನೆಗೆ ಬಂದಾಗ ಬರಿಗೈಯಲ್ಲಿ ನಿಲ್ಲುವುದುಂಟೆ? ಮೀನು ಬಿಡುವ ದಿನ ಯಜಮಾನರು "ಅರಿಶಿನ ಬ್ಯಾಡ, ಹೂವು ಬ್ಯಾಡ, ಅಕ್ಷತೆ ಬ್ಯಾಡ" ಎಂದು ಒಂದೊಂದಾಗಿ ಹೇಳಿ ಅಂಗಡಿಗೆ ಹೋಗಿದ್ದರು. ಕಾಸಿನ ಸುದ್ದಿ ಎತ್ತಿರಲಿಲ್ಲ. ದೇವರ ಪೆಟ್ಟಿಗೆಯಲ್ಲಿ ಅಜ್ಜಿ ಕೊಟ್ಟ ಹಳೆಯ ತಾಮ್ರದ ಕಾಸು ಒಂದಿತ್ತು. ತೊಳೆದು, ಕಣ್ಣಿಗೊತ್ತಿ, ಕಲ್ಲಿನ ಹಿಂದೆ ಬಿಟ್ಟಿದ್ದೆ. ಬಿಡುವಾಗ ಬೇಡಿಕೊಂಡದ್ದು, ಈಗ ಬರೆಯಲು ನಾಚಿಕೆಯಾಗುತ್ತದೆ, ಇಷ್ಟೇ: "ತಾಯಿ ಗಂಗಮ್ಮ, ಇವರ ಈ ಹುಚ್ಚು ಬೇಗ ಬಿಡಿಸು. ನನ್ನ ದಿವಾನ ನನಗೆ ಕೊಡಿಸು."

ತಾಯಿ ಕೇಳಿಸಿಕೊಂಡಿದ್ದಳು. ಶನಿವಾರ ತೊಟ್ಟಿ ಖಾಲಿಯಾಗುವುದರಲ್ಲಿತ್ತು. ನಾನು ಮಾತ್ರ ಉಳಿದ ಒಂದು ಸೀಗಡಿಯ ಮೀಸೆಯನ್ನು ನೋಡುತ್ತ, ಇವರು ಊಟಕ್ಕೆ ಕೂತಾಗ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುವುದನ್ನು ನೋಡುತ್ತ, ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತ ಕೂತಿದ್ದೆ.

ಸೋಮವಾರ ಅವರು ಅಂಗಡಿಗೆ ಹೋದ ಮೇಲೆ ಸೀರೆ ಎತ್ತಿ ಕಟ್ಟಿ ಸ್ಟೂಲ್ ಹತ್ತಿದೆ. ತೋಳು ಕಲ್ಲಿನವರೆಗೆ ಹೋಯಿತು, ಕಾಸಿನವರೆಗೆ ಹೋಗಲಿಲ್ಲ. ಕಲ್ಲನ್ನು ಒಬ್ಬರು ಎತ್ತಿ ಹಿಡಿದರೆ ಇನ್ನೊಬ್ಬರು ತೆಗೆಯಬಹುದಿತ್ತು. ಆ ಇನ್ನೊಬ್ಬರು ಯಾರು? ಗಿರಿಜಕ್ಕನಿಗೆ ಹೇಳಿದರೆ ಸಂಜೆಯೊಳಗೆ ಭರಮಸಾಗರದವರೆಗೆ ಗೊತ್ತಾಗುತ್ತದೆ. ಕೋಟೆ ಪಕ್ಕದ ಓಣಿಯಲ್ಲಿರುವ ತಿಪ್ಪಮ್ಮನ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಬರ್ರಿ, ಕುಂತ್ಕಳ್ರಿ. ಇವತ್ತು ಏನ್ ಮೂಸಾಕೆ ಬಂದ್ರಿ?"

"ತಪ್ಪಾಯ್ತು ತಿಪ್ಪಮ್ಮ. ತೊಟ್ಟಿಯೊಳಗೆ ಒಂದು ಸಾಮಾನು ಬಿದ್ದಿದೆ, ಎಡಗಡೆ ಕಲ್ಲಿನ ಹಿಂದೆ. ನೀನು ಸ್ವಲ್ಪ..."

"ಎಡಗಡೆ ಅಲ್ಲ, ಬಲಗಡೆ. ಜಾರಿ ಆ ಕಡೆ ಹೋತು. ಬಿದ್ದಿದ್ದೂ ಅಲ್ಲ, ಹಾಕಿದ್ರಿ. ನಾನು ಬಾಗಲಾಗೇ ನಿಂತಿದ್ದೆ."

"ನೋಡಿದ್ದೆಯಾ? ಮತ್ತೆ ಅವತ್ತು ನಾನು ನಿನ್ನ ಕೈ ಮೂಸಿದಾಗ ಯಾಕೆ ಹೇಳಲಿಲ್ಲ?"

"ಹರಕೆ ಕಾಸು ಅಲ್ಲೇನ್ರಿ? ಬಾಯಿ ಬಿಟ್ರೆ ಫಲ ಕೆಡ್ತೈತೆ. ಯಜಮಾನ್ರ ಒಳ್ಳೇದಕ್ಕೆ ಏನೋ ಬೇಡ್ಕಂಡಾರೆ, ನನ್ನಿಂದ ಕೆಡೋದು ಬ್ಯಾಡ ಅಂತ ಸುಮ್ನಾದೆ." ಅವರೆಕಾಳಿನ ಬಟ್ಟಲು ಪಕ್ಕಕ್ಕಿಟ್ಟಳು. "ಏನ್ ಬೇಡ್ಕಂಡಿದ್ರಿ?"

"ಹೇಳಬಾರದು ಅಂತ ನೀನೇ ಅಂದೆಯಲ್ಲ" ಎಂದೆ.

ಮನೆಗೆ ಬಂದು ಇಬ್ಬರೂ ಸೇರಿ ಕಾಸು ತೆಗೆದೆವು. ಹಸಿರುಗಟ್ಟಿತ್ತು. ಗಂಗಮ್ಮನಿಗೆ ಕೊಟ್ಟದ್ದನ್ನು ವಾಪಸ್ ಇಟ್ಟುಕೊಳ್ಳುವುದು ಹೇಗೆ ಎಂದು ನಾನು ಪೇಚಾಡಿದರೆ, "ಸಂತೆಹೊಂಡಕ್ಕೆ ಹಾಕಿ ಬರ್ರಿ. ಅಲ್ಲಿ ಹವಳ ಇಲ್ಲ" ಎಂದಳು ತಿಪ್ಪಮ್ಮ. ಅಷ್ಟರಲ್ಲಿ ಯಜಮಾನರು ಊಟಕ್ಕೆ ಬಂದರು. ಇಬ್ಬರ ತೋಳೂ ಒದ್ದೆ, ನೆಲದ ತುಂಬ ನೀರು, ನನ್ನ ಅಂಗೈಯಲ್ಲಿ ಕಾಸು. ಹೇಳದೆ ವಿಧಿಯಿರಲಿಲ್ಲ. ಹೇಳಿದೆ.

ಅವರು ಬೈಯುತ್ತಾರೆಂದು ಕಾದೆ. ಕಾಸನ್ನು ಎರಡು ಕಡೆ ತಿರುಗಿಸಿ ನೋಡಿ ಮೆಲ್ಲಗೆ ಕುರ್ಚಿಯ ಮೇಲೆ ಕೂತರು. "ಅಂದ್ರೆ, ನನ್ನ ಕೈಯಿಂದ ಅಲ್ಲ" ಎಂದರು. ಆಮೇಲೆ ಬೆಂಗಳೂರಿಗೆ ಫೋನ್ ಮಾಡಿ ಶನಿವಾರ ಬರುವುದು ಬೇಡ, ತಾಮ್ರ ಹೀರುವ ಸಾಮಾನು ಏನಾದರೂ ಇದ್ದರೆ ಬಸ್ಸಿಗೆ ಹಾಕಿ ಕಳಿಸು ಎಂದರು. ಸೀಗಡಿ ಕಲ್ಲಿನ ಸಂದಿಯಿಂದ ಮೀಸೆ ಮಾತ್ರ ಹೊರಗೆ ಹಾಕಿತ್ತು. ಅಷ್ಟು ಉಳಿಯಿತಲ್ಲ, ಅದೇ ಪುಣ್ಯ.

ಕೈ ತೊಳೆಯಲು ಎದ್ದವರು ಬಾಗಿಲಲ್ಲಿ ನಿಂತು, "ಅಲ್ಲ ಕಣೇ, ಏನಂತ ಬೇಡ್ಕಂಡು ಹಾಕಿದ್ದೆ ಇದನ್ನ?" ಎಂದು ಕೇಳಿದರು.

"ನಿಮ್ಮ ಸಮುದ್ರ ತಣ್ಣಗಿರಲಿ ಅಂತ ರೀ" ಎಂದೆ.

ಪಾಪ, ನಂಬಿದರು. ಹುಟ್ಟಿದಾಗಿನಿಂದ ನಂಬುವ ಮನುಷ್ಯ. ನೆಲದ ನೀರನ್ನು ಬಟ್ಟೆಗೆ ಹೀರಿಸಿ ಬಕೆಟ್ಟಿಗೆ ಹಿಂಡುತ್ತಿದ್ದ ತಿಪ್ಪಮ್ಮ ಮಾತ್ರ ಕೈ ನಿಲ್ಲಿಸಿ, ತಲೆ ಎತ್ತಿ, ಕಣ್ಣು ಸ್ವಲ್ಪ ಕಿರಿದು ಮಾಡಿ ನನ್ನನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ತರಕಾರಿಯವನಿಂದ ಹಿಡಿದು ಊರಿನ ಎಲ್ಲರ ಮೇಲೂ ನಾನು ಬಿಟ್ಟ ನೋಟವೇ ಅದು. ಅದರ ಎದುರಿಗೆ ನಿಲ್ಲುವುದು ಎಷ್ಟು ಕಷ್ಟವೆಂದು ಮಾತ್ರ ಅಲ್ಲಿಯವರೆಗೆ ತಿಳಿದಿರಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿದೆ ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟೆ. ಅವತ್ತು ನಾನು ಒಲೆ ಹಚ್ಚಿಯೇ ಇರಲಿಲ್ಲ.