ಬುಧವಾರ ಹಾಲು ಮುಟ್ಟದ ಹುಡುಗಿ

ಉಪವಾಸದಲ್ಲಿ ನನ್ನನ್ನು ಸೋಲಿಸುವವರು ಹೈದರಾಬಾದಿನ ಈ ನಾಚಾರಂನಲ್ಲಿ ಹುಟ್ಟಿಲ್ಲ ಎಂಬ ಸಣ್ಣ ಜಂಬ ನನಗಿತ್ತು. ಹುಟ್ಟಿರಲಿಲ್ಲ, ನಿಜ. ಸೋಲಿಸುವವಳು ಇಥಿಯೋಪಿಯಾದಿಂದ ವಿಮಾನ ಹತ್ತಿ ಬಂದಳು! ಬಂದವಳು ಸೀದಾ ನಮ್ಮ ಮಾಳಿಗೆಯ ಕೋಣೆಗೇ ಬಾಡಿಗೆಗೆ ಬರಬೇಕೆ?

ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದಲು ಬಂದ ಹುಡುಗಿ. ಪರದೇಶದ ಕೂಸು ಹಸಿದಿರಬಾರದೆಂದು ಮೊದಲನೆಯ ಬುಧವಾರವೇ ಶಾವಿಗೆ ಪಾಯಸ ಒಯ್ದೆ. ಎದೆಯ ಮೇಲೆ ಕೈಯಿಟ್ಟು, ನಕ್ಕು, ಬೇಡವೆಂದಳು. ಶುಕ್ರವಾರ ಮೊಸರನ್ನ ಒಯ್ದೆ. ಅದಕ್ಕೂ ಅದೇ ನಗು! ನಾನು ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕುಳಿತರೆ ನಮ್ಮನೆಯವರಿಗೆ ಖುಷಿಯೋ ಖುಷಿ.

"ನಿನ್ನ ಪಾಯಸದ ಸುದ್ದಿ ಆ ದೇಶದ ತನಕಾನೂ ಮುಟ್ಟಿರಬೇಕು ಬಿಡು!"

ಆಮೇಲೆ ತಿಳಿಯಿತು. ಅವರ ಚರ್ಚಿನ ನಿಯಮದಂತೆ ಬುಧವಾರ, ಶುಕ್ರವಾರ ಮಧ್ಯಾಹ್ನ ತಿರುಗುವ ತನಕ ಏನೂ ತಿನ್ನುವಂತಿಲ್ಲ. ತಿಂದರೂ ಹಾಲು, ಮೊಸರು, ತುಪ್ಪ ಮುಟ್ಟುವಂತಿಲ್ಲ. ಹಬ್ಬಗಳ ಮುಂಚಿನ ಉಪವಾಸಗಳನ್ನೂ ಸೇರಿಸಿದರೆ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ! ನನ್ನ ಏಕಾದಶಿ, ಗುರುವಾರಗಳನ್ನೆಲ್ಲ ಬೆರಳು ಮಡಿಚಿ ಎಣಿಸಿದೆ. ಎಲ್ಲಿಯ ಸಾಟಿ! ಅದರಲ್ಲೂ ನನ್ನ ಗುರುವಾರವೆಂದರೆ ಸಾಬೂದಾಣಿ ಖಿಚಡಿಯನ್ನು ಎರಡೆರಡು ಸಲ ಹಾಕಿಸಿಕೊಳ್ಳುವ ಉಪವಾಸ. ನಿಮ್ಮ ಮುಂದೆ ಸುಳ್ಳೇಕೆ?

ಇನ್ನು ಅವಳ ಉಸಿರು. ನಾನು ಏನು ಹೇಳಿದರೂ "ಹಾಃ" ಎಂದು ಗಬಕ್ಕನೆ ಉಸಿರನ್ನು ಒಳಗೆಳೆದುಕೊಳ್ಳುವಳು. ನಳದಲ್ಲಿ ನೀರು ಬಂತೇನು ಎಂದರೆ, ಹಾಃ! ಬಾಗಿಲು ಹಾಕಿಕೋ ಎಂದರೆ, ಹಾಃ! ಅಯ್ಯೋ ರಾಯರೇ, ಇದು ದಮ್ಮೇ ಸೈ! ಮೂರು ದಿನ ಹಿಪ್ಪಲಿ ಕಷಾಯ ಕುಡಿಸಿ, ಎದೆಗೆ ನೀಲಗಿರಿ ಎಣ್ಣೆ ತಿಕ್ಕಿದೆ. "ಸಾಕೇನು?" ಎಂದು ಕೇಳಿದಾಗಲೆಲ್ಲ ಪಾಪ ಹಾಃ ಎನ್ನುವಳು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ನಾನು ಗಾಬರಿಯಾಗಿ ಇನ್ನೊಂದು ಲೋಟ ಬಗ್ಗಿಸುವೆ! ನಾಲ್ಕನೆಯ ದಿನ ಮೊಬೈಲಿನಲ್ಲಿ ತನ್ನ ತಾಯಿಯನ್ನು ತೋರಿಸಿದಳು. ಮಗಳು ಏನೋ ಹೇಳಿದಳು, ತಾಯಿ ಹಾಃ ಎಂದರು. ಹಿಂದಿನಿಂದ ಇಣುಕಿದ ಅಪ್ಪನೂ ಹಾಃ! ಅವರ ಕಡೆ 'ಹೌದು' ಎನ್ನುವುದೇ ಹಾಗಂತೆ. ಸದ್ಯ, ಇಡೀ ಮನೆತನಕ್ಕೆ ಕಷಾಯ ಕಾಸುವುದು ತಪ್ಪಿತು. ದೇವರು ದೊಡ್ಡವನು.

ಈ ನಡುವೆ ಅವಳು "ಭಾಷೆ ಕಲಿಸಿ" ಎಂದು ಬೆನ್ನುಹತ್ತಿದ್ದಳು. ಕಲಿಸುವುದಕ್ಕೇನು, ನಾನು ಮಾತಾಡಿಕೊಂಡೇ ಇರುವವಳು! ತಿಂಗಳೊಪ್ಪತ್ತಿನಲ್ಲಿ "ಊಟ ಆತೇನ್ರಿ", "ಕುಂದರ್ರಿ" ಎಲ್ಲ ಅರಳು ಹುರಿದಂತೆ ಬಂದವು. ಒಂದು ದಿನ ಗತ್ತಿನಿಂದ ಚೀಲ ಹಿಡಿದು ಒಬ್ಬಳೇ ಸಂತೆಗೆ ಹೋದವಳು ಬರಿಚೀಲ ತಂದಳು.

"ಯಾಕವಾ, ಏನಾತು?"

"ಬದನಿಕಾಯಿ ಹೆಂಗ್ರಿ ಅಂತ ಕೇಳಿದ್ರ ಸುಮ್ನ ನೋಡ್ತಾನ್ರಿ ಅಮ್ಮಾ. ಪಾಪ, ಅಂವಗ ಈ ಊರಿನ ಭಾಷಾನೇ ಬರೂದಿಲ್ಲ!"

ನಮ್ಮನೆಯವರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. "ಹೈದರಾಬಾದಿನ್ಯಾಗ ಓದಾಕ ಬಂದ ಹುಡುಗೀನ ನಿನ್ನ ತವರು ರಾಯಚೂರಿಗೆ ಮುಟ್ಟಿಸಿಬಿಟ್ಟಿಯಲ್ಲೇ ಮಾರಾಯ್ತಿ!" ನನಗಾದರೂ ಎಲ್ಲಿ ನೆನಪಿತ್ತು, ಹೊಸ್ತಿಲು ದಾಟಿದರೆ ತೆಲುಗೆಂದು? ಅಂದಿನಿಂದ ತೆಲುಗಿನ ಪಾಠ ಅವರ ಪಾಲಿಗೆ ಹೋಯಿತು.

ಹೀಗೆ ನಗುತ್ತ ಎರಡನೆಯ ತಿಂಗಳು ಕಳೆಯುವಾಗ ಒಂದು ಮಧ್ಯಾಹ್ನ ದಿನದಂತೆ ಊಟದ ತಾಟು ಹಿಡಿದು ಮೇಲೆ ಹೋದೆ. ಹುಡುಗಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಕಣ್ಣು ಕೆಂಪಗಾಗಿದ್ದವು. ಊರಿಗೆ ಹೊರಟಿದ್ದಾಳಂತೆ. ಹೋದರೆ ಓದು ಅಲ್ಲಿಗೇ ಮುಗಿಯಿತು. ಖರ್ಚು ಕೊಟ್ಟು ಓದಲು ಕಳಿಸಿದ ಅವಳ ಸರ್ಕಾರ ಎರಡನೆಯ ಸಲ ಕಳಿಸುವುದಿಲ್ಲ.

"ಪಾಠ ಕಠಿಣ ಅದೇನು? ಯಾರರೆ ಏನರೆ ಅಂದ್ರೇನು?"

"ಇಲ್ರಿ." ಬಟ್ಟೆ ಮಡಚುತ್ತಲೇ ಹೇಳಿದಳು. "ನಮ್ಮ ಕಡೆ ಯಾರೂ ಒಬ್ಬೊಬ್ರೇ ಉಣ್ಣಂಗಿಲ್ರಿ. ಒಂದೇ ತಾಟು, ಸುತ್ತ ಎಲ್ಲಾರೂ. ಇಲ್ಲಿ ಬಂದಾಗಿಂದ ದಿನಾ ನಾ ಒಬ್ಬಾಕೀನೇ ರಿ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಎರಡು ತಿಂಗಳು ಅವಳಿಗೆ ಉಣಿಸಿದೆನೆಂದು ಬೀಗಿದ್ದೆನಲ್ಲ, ಮಾಡಿದ್ದೇನು? ಎಣ್ಣೆ ತಿಕ್ಕುವಾಗ ಅಡ್ಡಬರದ ಮಡಿ ಊಟದ ಹೊತ್ತಿಗೆ ನೆನಪಾಗಿ, ತಾಟನ್ನು ಹೊಸ್ತಿಲಲ್ಲಿಟ್ಟು, ಕೈ ತಗಲದಂತೆ ಸೆರಗು ಸುತ್ತಿಕೊಂಡು ಇಳಿದು ಬಂದಿದ್ದೆ. ಹೆತ್ತ ಮಗಳು ಕಚ್ಚಿದ ಪೇರಲಹಣ್ಣನ್ನೂ ಎಂಜಲೆಂದು ಬಾಯಿಗಿಡದವಳು ನಾನು. ಅಂಥವಳು ಒಂದೇ ತಾಟಿನಲ್ಲಿ ಉಣ್ಣುವುದೆ?

ಕೆಳಗೆ ಹೋಗಿ ಇನ್ನೆರಡು ರೊಟ್ಟಿ, ಇನ್ನಷ್ಟು ಪುಂಡಿಪಲ್ಯ ತಂದು ಅದೇ ತಾಟಿಗೆ ಸುರಿದೆ. ಅವಳ ಎದುರಿಗೆ ನೆಲದ ಮೇಲೆ ಕುಳಿತೆ. ಕುಳಿತದ್ದೇನೋ ಸರಿ, ಕೈ ಮಾತ್ರ ತಾಟಿನ ಅಂಚಿನಲ್ಲೇ ನಿಂತಿತು. ಮುಂದೆ ಹೋಗಲೊಲ್ಲದು!

ಅವಳು ನೋಡಿದಳು. ರೊಟ್ಟಿ ಮುರಿದು, ಪಲ್ಯ ಸುತ್ತಿ, ನಿಂಬೆಹಣ್ಣಿನಷ್ಟು ದಪ್ಪ ತುತ್ತು ಮಾಡಿ ನನ್ನ ಬಾಯಿಯ ಮುಂದೆ ಹಿಡಿದಳು. ಕಣ್ಣು ಮುಚ್ಚಿ ಬಾಯಿ ತೆರೆದೆ. ನುಂಗುವುದರೊಳಗೆ ಎರಡನೆಯದು ಸಿದ್ಧ. ಅವರ ಕಡೆ ಒಂದೇ ತುತ್ತು ಕೊಟ್ಟರೆ ಜಗಳವಾಗುತ್ತದಂತೆ. ನಾನೂ ತುತ್ತು ಮಾಡಿ ಅವಳ ಬಾಯಿಗಿಟ್ಟೆ. ಒಂದಲ್ಲ, ಎರಡು.

ಸೂಟ್‌ಕೇಸಿನ ಬಟ್ಟೆಗಳೆಲ್ಲ ಸಂಜೆ ಕಪಾಟಿಗೆ ಮರಳಿದವು. "ಪುಂಡಿಪಲ್ಯಕ್ಕ ಖಾರ ಭಾಳ ಆಗಿತ್ತೇನು? ಕಣ್ಣಾಗ ನೀರು ಬಂದಾವಲ್ಲ?" ಎಂದು ನಮ್ಮನೆಯವರು ಕೇಳಿದರು. ಹೌದೆಂದುಬಿಟ್ಟೆ. ಅವ್ವ ಹೋದ ಮೇಲೆ ನನ್ನ ಬಾಯಿಗೆ ಯಾರೂ ತುತ್ತು ಇಟ್ಟಿರಲಿಲ್ಲವೆಂದು ಅವರಿಗೆ ಹೇಗೆ ಹೇಳುವುದು?